ಹದಿನಾಲ್ಕನೇ ಟೋಕನ್

ಮೊನ್ನೆ ಇಂಜೆಕ್ಷನ್ನಿಗೆಂದು ತೋಳು ಚಾಚಿದಾಗ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದು ಎದೆ ಧಸಕ್ಕೆಂದಿತು. ಸೂಜಿಯ ಭಯವಲ್ಲ... ನಮ್ಮ ಮೇಡಂ ನೆನಪಾದರು.

ಜಯನಗರದ ಆ ಸ್ಕ್ಯಾನಿಂಗ್ ಸೆಂಟರಿನಲ್ಲಿ ಕಂಪ್ಯೂಟರ್ ವಿಭಾಗವೆಂದರೆ ಮೇಡಂ ಮತ್ತು ನಾನು, ಇಬ್ಬರೇ. ಸ್ಕ್ಯಾನ್ ಚಿತ್ರಗಳೆಲ್ಲ ಒಂದು ಸ್ಟೋರೇಜ್ ಸರ್ವರಿಗೆ ಹೋಗುತ್ತಿದ್ದವು. ಬ್ರೌಸರ್ ವೆಬ್ ಪುಟ ಕೇಳುವ ಎಚ್‌ಟಿಟಿಪಿ ಭಾಷೆಯಲ್ಲೇ ನಮ್ಮ ಆ್ಯಪ್ ಅದರೊಡನೆ ಮಾತಾಡುತ್ತಿತ್ತು. 'ಪುಟ್' ಎಂದರೆ ಈ ವಿಳಾಸದಲ್ಲಿ ಇಟ್ಟುಕೋ. 'ಗೆಟ್' ಎಂದರೆ ಅಲ್ಲಿರುವುದನ್ನು ಕೊಡು. ಕೆಲಸವಾದರೆ ಸರ್ವರ್ 'ಇನ್ನೂರು' ಎಂದು ಉತ್ತರಿಸುತ್ತಿತ್ತು. ಇನ್ನೂರು ಬಂತೆಂದರೆ ನಾವು ನಿಶ್ಚಿಂತೆಯಿಂದ ಕಾಫಿಗೆ ಏಳುತ್ತಿದ್ದೆವು.

ಚಿತ್ರದ ವಿಳಾಸಕ್ಕೆ ದಿನಾಂಕ ಮತ್ತು ಟೋಕನ್ ನಂಬರ್ ಸಾಕೆಂದು ಮೇಡಂ ತೀರ್ಮಾನಿಸಿದ್ದರು. ಆಮೇಲೆ ಬನಶಂಕರಿಯಲ್ಲಿ ಇನ್ನೊಂದು ಶಾಖೆ ತೆರೆಯಿತು. ಅಲ್ಲಿಯೂ ಟೋಕನ್ ದಿನಾ ಒಂದರಿಂದಲೇ ಶುರು. ಅದರ ಅಪಾಯ ಯಾರಿಗೂ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಹಿಂದಿನ ದಿನ ಹದಿನಾಲ್ಕನೇ ಟೋಕನ್ನಿನಲ್ಲಿ ಸ್ಕ್ಯಾನ್ ಮಾಡಿಸಿದ್ದ ಹೊಸಕೆರೆಹಳ್ಳಿಯ ಆಂಟಿಯೊಬ್ಬರ ಫಿಲ್ಮ್ ಕೌಂಟರಿನಲ್ಲೇ ಉಳಿದಿತ್ತು. ಅಂದೇ ಅವರ ಕೆಟ್ಟ ಕಿಡ್ನಿ ತೆಗೆಯುವ ಆಪರೇಷನ್. ಡಾಕ್ಟರು ಹೇಗೂ ಆ್ಯಪಿನಲ್ಲಿ ನೋಡುತ್ತಾರಲ್ಲ ಎಂದು ನಾನೂ ತೆರೆದು ನೋಡಿದೆ. ಫಿಲ್ಮಿನಲ್ಲಿ ಕೆಟ್ಟಿದ್ದು ಎಡಗಡೆಯದು. ಪರದೆಯಲ್ಲಿ ಬಲಗಡೆಯದು! ಮೇಲೆ ಮಾತ್ರ ಆ್ಯಪ್ ತನ್ನ ಪಟ್ಟಿಯಿಂದ ತೆಗೆದು ತೋರಿಸಿದ ಆಂಟಿಯದೇ ಹೆಸರು.

ಮೇಡಂ ಮುಖ ಬಿಳಿಚಿಕೊಂಡಿತು. “ಅಯ್ಯೋ... ಬನಶಂಕರೀಲೂ ಹದಿನಾಲ್ಕನೇ ಟೋಕನ್ ಇತ್ತಲ್ಲಯ್ಯಾ!”

ಒಂದೇ ವಿಳಾಸಕ್ಕೆ ಎರಡು ಚಿತ್ರ ಬಂದಿದ್ದವು. ಸರ್ವರ್ ಚಕಾರವೆತ್ತದೆ ಮೊದಲನೆಯದನ್ನು ಅಳಿಸಿ ಎರಡನೆಯದನ್ನು ಇಟ್ಟುಕೊಂಡಿತ್ತು. ಎರಡು ಸಲವೂ ಇನ್ನೂರು ಎಂದಿತ್ತು.

ಆಸ್ಪತ್ರೆಯಲ್ಲಿ ಯಾರೂ ಫೋನ್ ಎತ್ತಲಿಲ್ಲ. ಫಿಲ್ಮ್ ಹಿಡಿದು ಆಟೋ ಹತ್ತಿದೆವು. ಆಸ್ಪತ್ರೆಯಿದ್ದ ವಿಲ್ಸನ್ ಗಾರ್ಡನ್ನಿಗೆ ಹೆಚ್ಚು ಹೊತ್ತಿನ ದಾರಿಯಲ್ಲ, ಆದರೂ ಅಂದು ಮುಗಿಯಲೇ ಇಲ್ಲ. “ದಮ್ಮಯ್ಯ, ಬೇಗ ಹೋಗಣ್ಣ,” ಎನ್ನುತ್ತಿದ್ದ ಮೇಡಂ ನನ್ನ ಕೈ ಬಿಡಲಿಲ್ಲ. ಅವರ ಬೆರಳು ತಣ್ಣಗಾಗಿದ್ದವು.

“ಆಗ್ಲೇ ಒಳಗೆ ಕರ್ಕೊಂಡ್ ಹೋಗಾಯ್ತಲ್ಲ ಮೇಡಂ,” ಎಂದರು ನರ್ಸ್.

ಮೇಡಂ ನರ್ಸನ್ನು ದಾಟಿ, ಸ್ಪಿರಿಟ್ಟಿನ ವಾಸನೆ ಹೊಡೆಯುತ್ತಿದ್ದ ಥಿಯೇಟರಿನ ಬಾಗಿಲು ದಬದಬ ಬಡಿದರು. “ಬಲಗಡೆ ಅಲ್ಲ ಸಾರ್! ನಿಲ್ಸಿ! ಎಡಗಡೆ!”

ಅರಿವಳಿಕೆ ಕೊಟ್ಟಾಗಿತ್ತು. ಕತ್ತಿ ಇನ್ನೂ ತಾಗಿರಲಿಲ್ಲ.

ಮರುದಿನವೇ ಮೇಡಂ ವಿಳಾಸಕ್ಕೆ ಶಾಖೆಯ ಹೆಸರು ಸೇರಿಸಿದರು, ಹಳೆಯ ಪ್ರತಿ ಅಳಿಯದಂತೆ ಸರ್ವರಿಗೆ ಹೇಳಿಟ್ಟರು, ರಾಜೀನಾಮೆ ಕೊಟ್ಟರು. ಎಷ್ಟು ಬೇಡಿದರೂ ನಿಲ್ಲಲಿಲ್ಲ. “ಆ ಆಂಟಿ ಚೆನ್ನಾಗಿದ್ದಾರಾ?” ಎಂದು ಆಗಾಗ ಫೋನ್ ಮಾಡಿ ಕೇಳುತ್ತಿದ್ದರು. ನನಗೆ ತಿಳಿದಿರಲಿಲ್ಲ...

ಹೋದ ವಾರ ಬನಶಂಕರಿ ಮಾರ್ಕೆಟ್ಟಿನಲ್ಲಿ, ಸ್ಕ್ಯಾನಿಗೆ ಬಂದಾಗ ನೋಡಿದ್ದ ಆ ಆಂಟಿಯನ್ನು ಕಂಡೆ. ಅವರೆಕಾಯಿಯಲ್ಲಿ ಸೊಗಡೇ ಇಲ್ಲವೆಂದು ಅಂಗಡಿಯವನನ್ನು ಜೋರಾಗಿ ಬೈಯುತ್ತಿದ್ದರು. ನನ್ನ ಗುರುತು ಅವರಿಗೆಲ್ಲಿಂದ ಬರಬೇಕು. ಸಂತೋಷಕ್ಕೆ ಕಣ್ಣು ತುಂಬಿ, ತಕ್ಷಣ ಮೇಡಂಗೆ ಹೇಳೋಣವೆಂದು ಫೋನ್ ತೆಗೆದೆ. ಮೇಡಂ ತೀರಿಕೊಂಡು ವರ್ಷವಾಯಿತೆಂಬುದು ಹೆಸರು ಹುಡುಕುವಾಗ ನೆನಪಾಯಿತು.