ಹೊಳೆಯ ನಡುವೆ ನಿಂತ ಮೋಟಾರು

ಕಳೆದ ತಿಂಗಳು ನಮ್ಮ ಕಾಲೇಜಿನ ಹಿಂದಿನ ಬಯಲಿನಲ್ಲಿ ಕಾಂಗ್ರೆಸ್ ಕಸ ಕತ್ತರಿಸಲು ಒಬ್ಬಾತ ಹೆಗಲಿಗೆ ಮಷಿನ್ನು ತೂಗುಹಾಕಿಕೊಂಡು ಬಂದಿದ್ದ. ಅರ್ಧ ಸಾಲು ಕತ್ತರಿಸುವಷ್ಟರಲ್ಲಿ ಮಷಿನ್ನು ಕೆಮ್ಮಿ ಕೆಮ್ಮಿ ನಿಂತಿತು. ಆತ ಅದರ ಪುಟ್ಟ ಟ್ಯಾಂಕಿನ ಮುಚ್ಚಳ ಸಡಿಲಿಸಿದ. ಸುಸ್ಸ್ ಎಂದು ಗಾಳಿ ಒಳಗೆಳೆದುಕೊಂಡ ಸದ್ದು, ಅದರ ಹಿಂದೆಯೇ ಆಯಿಲ್ ಬೆರೆಸಿದ ಪೆಟ್ರೋಲಿನ ವಾಸನೆ. ತರಗತಿಯ ಕಿಟಕಿಯ ಬಳಿ ನಿಂತು ಪಾಠ ಮಾಡುತ್ತಿದ್ದ ನಾನು ಹೇಳುತ್ತಿದ್ದ ವಾಕ್ಯವನ್ನು ಮರೆತೆ.

ನೆನಪನ್ನು ನಾನು ನಂಬುವವನಲ್ಲ. ಅದು ಸಾಕ್ಷಿ ಹೇಳುವುದಕ್ಕಿಂತ ವಕೀಲಿ ಮಾಡುವುದೇ ಹೆಚ್ಚು ಎಂದು ಹುಡುಗರಿಗೂ ಹೇಳುತ್ತಿರುತ್ತೇನೆ. ಒಂದು ಊರಿನಲ್ಲಿ ನಿಲ್ಲುವ ಕಾಲೂ ನನ್ನದಲ್ಲ. ಇಂಡಿಯಲ್ಲಿ ಎರಡು ವರ್ಷ, ಸಿಂದಗಿಯಲ್ಲಿ ಮೂರು, ಈಗ ಬಸವನ ಬಾಗೇವಾಡಿ. ಮುದ್ದೇಬಿಹಾಳಕ್ಕೆ ಹೋಗುವ ಅವಕಾಶ ಮಾತ್ರ ಎರಡು ಸಲ ಬಂದರೂ ಬೇಡವೆಂದೆ. ಯಾಕೆಂದು ಹೆಂಡತಿ ಕೇಳಿದಾಗ ಬಿಸಿಲಿನ ನೆಪ ಹೇಳಿದ್ದೆ. ಬಿಸಿಲು ಇಲ್ಲೇನು ಕಡಿಮೆಯೇ?

ಕಾರಣ ಬಿಸಿಲಲ್ಲ. ಅಲ್ಲಿಗೆ ಹತ್ತಿರದ ತಂಗಡಗಿಯಲ್ಲಿ ದೋಣಿ ನಡೆಸುತ್ತಿದ್ದ, ಊರೆಲ್ಲ ಕಾಕಾ ಎಂದು ಕರೆಯುತ್ತಿದ್ದ ಮುದುಕ.

ಆಗ ನಾನು ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದ್ದೆ. ಕೃಷ್ಣೆಯ ಹಿನ್ನೀರಿನಲ್ಲಿ ಹೂಳು ಎಷ್ಟು ತೇಲುತ್ತದೆ ಎಂದು ಅಳೆಯುವುದು ನನ್ನ ವಿಷಯ. ಮುದ್ದೇಬಿಹಾಳದಲ್ಲಿ ಒಂದು ಖೋಲಿ ಹಿಡಿದು, ಬೆಳಗಿನ ಬಸ್ಸಿಗೆ ಬಾಟಲಿಗಳ ಪೆಟ್ಟಿಗೆ ಹೊತ್ತು ತಂಗಡಗಿಗೆ ಹೋಗುತ್ತಿದ್ದೆ. ನಾನು ಮೋರಟಗಿಯ ಕಡೆಯವನು. ಹೊಲ ಗೊತ್ತು, ಹೊಳೆ ಗೊತ್ತಿರಲಿಲ್ಲ. ಅಲ್ಲಿನ ಒಂದು ಸಂಘ ಫೈಬರ್ ದೋಣಿಯನ್ನೂ ಅದರ ಹಿಂಬದಿಗೆ ಸಿಕ್ಕಿಸುವ ಮೋಟಾರನ್ನೂ ತಂದು ಕಾಕಾನ ಕೈಗೆ ಕೊಟ್ಟಿತ್ತು. ಪೆಟ್ರೋಲಿನ ಡಬ್ಬಿಯೂ ಕಾಕಾನ ಮನೆಯಲ್ಲೇ ಇರುತ್ತಿತ್ತು. ಜನರನ್ನು ಆಚೆ ದಡಕ್ಕೆ ದಾಟಿಸುವ ನಡುವೆ ನನ್ನನ್ನೂ ಕರೆದೊಯ್ಯುತ್ತಿದ್ದರು.

"ಸಾಹೇಬ್ರ, ದಿನಾ ಇಷ್ಟ್ ನೀರು ತುಂಬಿಕೊಂಡ್ ಹೋದ್ರ ಹೊಳಿ ಬತ್ತತೈತ್ರಿ" ಎಂದು ನನ್ನ ಬಾಟಲಿಗಳನ್ನು ನೋಡಿ ನಗುತ್ತಿದ್ದರು.

ಸುತ್ತಿನ ಹತ್ತಾರು ಊರುಗಳ ಪಂಪ್‌ಸೆಟ್ಟುಗಳಿಗೆ ಕಾಕಾನೇ ವೈದ್ಯ. ದೋಣಿಯ ಹುಟ್ಟಿನ ಒಂದು ತುದಿಯನ್ನು ಎಂಜಿನ್ನಿಗೆ ಊರಿ, ಇನ್ನೊಂದನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿದು ಒಳಗಿನ ರೋಗ ಹೇಳುತ್ತಿದ್ದರು. ಡೀಸೆಲ್ ಮಷಿನ್ನುಗಳ ಗದ್ದಲಕ್ಕೆ ಅವರ ಕಿವಿ ಮಂದವಾಗಿತ್ತು. ಎಲುಬಿನಿಂದ ಕೇಳುತ್ತೇನೆ ಅನ್ನುತ್ತಿದ್ದರು.

ಅವರ ದೋಣಿಯಲ್ಲಿ ಒಂದೇ ಒಂದು ಕಟ್ಟಳೆ. ಯಾವುದನ್ನು ಮುಟ್ಟಿದರೂ ಬಾಯಿಬಿಟ್ಟು ಹೇಳಬೇಕು. ಹಗ್ಗ ಬಿಚ್ಚಿದವರು "ಬಿಚ್ಚೇನಿ" ಎಂದು ಕೂಗಬೇಕು, ಕಾಕಾ "ಹೂಂ" ಎನ್ನಬೇಕು. ಬುಟ್ಟಿ ಸರಿಸಿದ ಮುದುಕಿಯೂ "ಸರಿಸೇನ್ರೋ" ಅನ್ನುತ್ತಿದ್ದಳು. "ದೋಣ್ಯಾಗ ಕೈ ಹಚ್ಚಿದ್ರ ಬಾಯೀನೂ ಹಚ್ಚಬೇಕ್ರಿ ಸಾಹೇಬ್ರ. ಹಿಂದ ಕುಂತಾಂವಗ ಮುಂದಿಂದು ಕಾಣೂದಿಲ್ಲ" ಎಂದು ಮೊದಲ ದಿನವೇ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ಒಳಗೊಳಗೆ, ಇದೂ ಹಳ್ಳಿಯ ಒಂದು ಶಾಸ್ತ್ರ ಅಂದುಕೊಂಡಿದ್ದೆ.

ಆ ದಿನ ಸಂಘದ ಅಧ್ಯಕ್ಷರೂ ದೋಣಿಯಲ್ಲಿದ್ದರು. ಆಚೆ ದಡದಲ್ಲಿ ಅವರಿಗೆ ಏನೋ ಸಭೆ. ಗಾಳಿ ಜೋರಾಗಿ, ದೋಣಿ ದಡ ಬಿಡುವ ಮೊದಲೇ ತೂಗಾಡುತ್ತಿತ್ತು. ನನ್ನ ಕಾಲ ಬಳಿಯ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಒಂದು ಚಿಕ್ಕ ಸ್ಕ್ರೂ ಇತ್ತು. ಅದು ಸಡಿಲವಿದ್ದಲ್ಲಿಂದ ಪೆಟ್ರೋಲು ತುಳುಕಿ ಬಾಟಲಿಗಳ ಮೇಲೆ ಹನಿಯುತ್ತಿತ್ತು. ಮಾದರಿ ಕೆಟ್ಟೀತೆಂದು ಎರಡು ಬೆರಳಿನಿಂದ ಬಿಗಿಯಾಗಿ ತಿರುವಿದೆ. ಕಾಕಾ ಆಗ ಮುಂಬದಿಯಲ್ಲಿ ಹಗ್ಗ ಸುತ್ತಿಡುತ್ತಿದ್ದರು… ಅಥವಾ ಯಾರಿಗೋ ಕೈ ಕೊಟ್ಟು ಹತ್ತಿಸುತ್ತಿದ್ದರು. ಅದು ನೆನಪಿಲ್ಲ. ನಾನು ಬಾಯಿ ಬಿಡಲಿಲ್ಲವೆಂಬುದು ನೆನಪಿದೆ.

ಆ ಸ್ಕ್ರೂ ಇರುವುದೇ ಟ್ಯಾಂಕಿಗೆ ಗಾಳಿ ಹೋಗಲೆಂದು. ಪೆಟ್ರೋಲು ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಬಾರದಿದ್ದರೆ ಮೋಟಾರು ಸ್ವಲ್ಪ ದೂರ ಓಡಿ ಉಸಿರುಗಟ್ಟುತ್ತದೆ. ಭೌತಶಾಸ್ತ್ರದ ಮೊದಲ ಪಾಠ. ನಾನು ಅದರಲ್ಲಿ ಒಳ್ಳೆಯ ಅಂಕ ತೆಗೆದವನು.

ಹೊಳೆಯ ನಡುವೆ ಮೋಟಾರು ಬಳಲಿ, ಕೆಮ್ಮಿ, ನಿಂತಿತು. ಕಾಕಾ ಮೋಟಾರು ಚಾಲೂ ಮಾಡುವ ಹಗ್ಗ ಎಳೆದರು. ಹತ್ತು ಮಾರು ಓಡಿ ಮತ್ತೆ ನಿಂತಿತು. ಪಂಖಕ್ಕೆ ಬಲೆ ಸುತ್ತಿದೆಯೇ ಎಂದು ಮೋಟಾರನ್ನು ಮೇಲೆತ್ತಿ ನೋಡಿದರು, ಇಲ್ಲ. ಪ್ಲಗ್ಗು ಬಿಚ್ಚಿ ಒರೆಸಿ ಕಿಡಿ ನೋಡಿದರು, ಚೆನ್ನಾಗಿತ್ತು. ಒಂದನ್ನು ಬಿಚ್ಚಿ, ನೋಡಿ, ಕೂಡಿಸಿ, ಓಡಿಸಿ ನೋಡಿದ ಮೇಲೆಯೇ ಇನ್ನೊಂದಕ್ಕೆ ಕೈ. ಎರಡನ್ನು ಒಟ್ಟಿಗೆ ಬಿಚ್ಚಿದರೆ ಯಾವುದರ ರೋಗ ಎಂದು ತಿಳಿಯುವುದಿಲ್ಲ ಎಂದರು. ಪ್ರಯೋಗಾಲಯದಲ್ಲಿ ನನಗೆ ಕಲಿಸಿದ್ದೂ ಅದನ್ನೇ.

"ಏ ಮುದುಕಾ, ಸಭಾ ಮುಗಿಯೂಮಟ ಇಲ್ಲೇ ಕುಂದರಸ್ತೀಯೇನ? ಈಜಿ ಹೋಗ್ಲೇನ?" ಎಂದರು ಅಧ್ಯಕ್ಷರು.

"ಈಜ್ರಿ. ಹೊಟ್ಟಿರೆ ಕರಗತೈತಿ" ಎಂದರು ಕಾಕಾ, ತಲೆ ಎತ್ತದೆ. ದೋಣಿಯೆಲ್ಲ ನಕ್ಕಿತು. ಅಧ್ಯಕ್ಷರು ನಗಲಿಲ್ಲ.

ಪೆಟ್ರೋಲಿನ ಪೈಪಿನ ನಡುವೆ ಒಂದು ರಬ್ಬರಿನ ಉಂಡೆ ಇರುತ್ತದೆ. ಕಾಕಾ ಅದನ್ನು ಹಿಸುಕಿ, ಅದು ಚಪ್ಪಟೆಯಾಗಿಯೇ ಉಳಿದದ್ದನ್ನು ಕಂಡು, "ಎಣ್ಣಿ ಬರವಲ್ದು" ಎಂದರು. ಟ್ಯಾಂಕಿನ ಮುಚ್ಚಳವನ್ನೇ ತೆರೆದು ಇಣುಕಿದರು. ಆಗ ಆ ಸದ್ದು ಬಂತು, ಸುಸ್ಸ್ ಎಂದು. ಅವರ ಕಿವಿಗೆ ಅದು ಬೀಳಲಿಲ್ಲ. ಅರ್ಧಕ್ಕಿಂತ ಹೆಚ್ಚು ಪೆಟ್ರೋಲಿತ್ತು. ಮುಚ್ಚಳ ಬಿಗಿದು ಹಗ್ಗ ಎಳೆದರು. ಮೋಟಾರು ಹೊಸದರಂತೆ ಓಡಿತು, ತುಸು ಹೊತ್ತಿನಲ್ಲಿ ಮತ್ತೆ ನಿಂತಿತು. ಸ್ಕ್ರೂ ಅವರ ಮೂಗಿನ ಕೆಳಗೇ ಇತ್ತು. ಬೆಳಿಗ್ಗೆ ತಾವೇ ಸಡಿಲಿಸಿದ್ದರು, ಆಮೇಲೆ ಯಾರೂ ಮುಟ್ಟಿದ್ದಾಗಿ ಹೇಳಿರಲಿಲ್ಲ. ಅಂದ ಮೇಲೆ ಅದನ್ನು ನೋಡುವುದೇನಿತ್ತು?

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಸರ್, ನೀವು ಕಲಿತಾವ್ರು. ಏನಾಗೇತ್ರಿ ಇದಕ್ಕ?"

ದೋಣಿಯಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ನಾನು ಪುಸ್ತಕದ ಕನ್ನಡದಲ್ಲಿ ಹೇಳಿದೆ: "ಪೆಟ್ರೋಲಿನಲ್ಲಿ ಸೀಮೆಎಣ್ಣೆ ಬೆರೆತಿದೆ."

"ಚಿಮಣಿ ಎಣ್ಣಿ?" ಅಧ್ಯಕ್ಷರು ಕಾಕಾನನ್ನು ನೋಡಿದರು. ಡಬ್ಬಿ ಯಾರ ಮನೆಯಲ್ಲಿರುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಕಾಕಾ ಟ್ಯಾಂಕಿನಿಂದ ಒಂದಿಷ್ಟು ಪೆಟ್ರೋಲನ್ನು ಬೊಗಸೆಗೆ ಸುರಿದುಕೊಂಡು ನನ್ನ ಮುಖದ ಹತ್ತಿರ ಹಿಡಿದರು. "ಮೂಸ್ರಿ ಸಾಹೇಬ್ರ. ಮೂಸಿ ಹೇಳ್ರಿ."

ನಾನು ಮುಖ ತಿರುಗಿಸಿದೆ. ವಾಸನೆಯಿಂದ ನಿರ್ಧರಿಸಲಾಗದು, ಪ್ರಯೋಗಾಲಯ ಬೇಕು ಎಂದೆ. ಬೊಗಸೆಯ ಸಂದಿನಿಂದ ಪೆಟ್ರೋಲು ಸೋರಿ ಹೋಗುವವರೆಗೂ ಕಾಕಾ ಹಾಗೆಯೇ ಕೈ ಹಿಡಿದಿದ್ದರು. ಆಮೇಲೆ ಹುಟ್ಟು ತೆಗೆದುಕೊಂಡು ದಡಕ್ಕೆ ಬರುವವರೆಗೆ ಒಬ್ಬರೇ ಹಾಕಿದರು.

ಇಲ್ಲಿಂದ ಮುಂದೆ ನನ್ನ ನೆನಪು ವಕೀಲಿ ಶುರು ಮಾಡುತ್ತದೆ. ಸ್ಕ್ರೂ ವಿಷಯ ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ, ಆಗ ಕಾಲ ಮಿಂಚಿತ್ತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಆದರೆ ದಡದಲ್ಲಿ ಬಾಟಲಿಗಳನ್ನು ಎತ್ತಿಕೊಳ್ಳುವ ನೆಪದಲ್ಲಿ ಬಾಗಿ ಸ್ಕ್ರೂವನ್ನು ಸಡಿಲಿಸಿದ್ದು ನನ್ನದೇ ಬೆರಳು. ಗೊತ್ತಿಲ್ಲದವನು ಅದನ್ನೇಕೆ ಸಡಿಲಿಸಿದ? ಮತ್ತು ಆ ಸಂಜೆಯೇ ಅಧ್ಯಕ್ಷರು ಕೇಳಿದ್ದಕ್ಕೆ, ವಿಶ್ವವಿದ್ಯಾಲಯದ ಹೆಸರಿದ್ದ ಕಾಗದದ ಮೇಲೆ, ಇಂಧನ ಕಲಬೆರಕೆಯಾಗಿದೆ ಎಂದು ಬರೆದು ಸಹಿ ಹಾಕಿದವನೂ ನಾನೇ. ಕಾಲೇಜಿನ ಬಯಲಿನಲ್ಲಿ ಆ ಸದ್ದು ಕೇಳುವವರೆಗೆ ಇದನ್ನೆಲ್ಲ ಒಂದರ ಹಿಂದೊಂದು ಜೋಡಿಸುವ ಧೈರ್ಯ ನನಗೆ ಬಂದಿರಲಿಲ್ಲ. ಹೊಳೆಯ ನಡುವೆ ಆ ಸದ್ದು ನನಗೆ ಕೇಳಿತ್ತು. ಬಾಯಿ ತೆರೆಯುವ ಮೊದಲೇ ಕೇಳಿತ್ತು.

ಪೆಟ್ರೋಲು ಕದ್ದು ಸೀಮೆಎಣ್ಣೆ ಬೆರೆಸಿದರೆಂದು ಸಂಘದವರು ದೋಣಿ, ಮೋಟಾರು ಎರಡನ್ನೂ ಕಾಕಾನಿಂದ ತೆಗೆದುಕೊಂಡರು. ಮರುದಿನ ಬೇರೊಬ್ಬರು ಬೇರೆ ಪೆಟ್ರೋಲು ಹಾಕಿ ಓಡಿಸಿದರು. ಮೋಟಾರು ಒಂದು ಸಲವೂ ನಿಲ್ಲಲಿಲ್ಲ. ನೋಡಿದಿರಾ, ಕಲಿತವರ ಮಾತು ಎಂದರು ಜನ. ನಾನು ಇನ್ನೂ ಎರಡು ವಾರ ಅದೇ ದೋಣಿಯಲ್ಲಿ ಕುಳಿತು ಬಾಟಲಿ ತುಂಬಿಕೊಂಡೆ. ದಂಡೆಯಲ್ಲಿ ಕಾಕಾ ಕಂಡರೆ ಆಕಾಶ ನೋಡುತ್ತಿದ್ದೆ.

ಹೋದ ಭಾನುವಾರ ತಂಗಡಗಿಗೆ ಹೋದೆ. ಕಾಕಾ ತೀರಿಕೊಂಡು ಬಹಳ ವರ್ಷಗಳಾದವು ಎಂದು ಬಸ್ ಸ್ಟ್ಯಾಂಡಿನಲ್ಲೇ ತಿಳಿಯಿತು. ಹಿಂತಿರುಗಬಹುದಿತ್ತು… ಮನೆಗೆ ಹೋದೆ. ಮಗ, ಸೊಸೆ ಹೊಲಕ್ಕೆ ಹೋಗಿದ್ದರು. ಕಾಕಾನ ಹೆಂಡತಿ, ಕಾಕಿ, ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಬಾಟಲಿ ಸಾಹೇಬ ಎಂದು ಹೇಳಿಕೊಂಡ ಮೇಲೆ ಗುರುತು ಹಿಡಿದರು.

"ಅವತ್ತಿನಿಂದ ಯಾರ ಪಂಪ್‌ಸೆಟ್ಟಿಗೂ ಅವರು ಕೈ ಹಚ್ಚಲಿಲ್ರಿ" ಎಂದರು ಕಾಕಿ. "ಕರಿಯಾಕ ಬಂದ್ರ, ನನಗ ತಿಳಿಯೂದಿಲ್ಲ ಹೋಗ್ರೋ ಅಂತಿದ್ರು. ಉಣ್ಣಾಕ ಕುಂತಾಗೆಲ್ಲ ಅದ ಮಾತು. ಎಲ್ಲಾ ಛಲೋ ಇತ್ತು, ಯಾಕ ನಿಂತ್ಲೇ ಅದು, ಅಂತ. ನನಗೇನ್ ಗೊತ್ರಿ ಮಷಿನ್ನಿಂದು?"

ಕಳ್ಳ ಅನ್ನಿಸಿಕೊಂಡದ್ದಕ್ಕೆ ಅವರು ಕೊರಗಿರಬೇಕೆಂದು ನಾನು ಎಣಿಸಿದ್ದೆ. ಅವರು ಕೊರಗಿದ್ದು ತಮ್ಮ ಕೈಯ ಮೇಲೆ ನಂಬಿಕೆ ಹೋಯಿತೆಂದು. ಎಲ್ಲವನ್ನೂ ಸಂಶಯಿಸುತ್ತೇನೆಂದು ಬೀಗುತ್ತಿದ್ದ ನಾನು ನನ್ನ ಪಾಲಿನ ಸಂಶಯವನ್ನು ಅವರ ತಲೆಗೆ ಕಟ್ಟಿ ಊರು ಬಿಟ್ಟಿದ್ದೆ.

ಸ್ಕ್ರೂ ಕಥೆಯನ್ನು ಹೇಳಿದೆ. ಕಾಕಿಯ ಕೈಯಲ್ಲಿ ಮೊರ ನಿಂತಿತು.

"ಎಷ್ಟ್ ಇರತೈತ್ರಿ ಅದು?"

ಕಿರುಬೆರಳಿನ ತುದಿ ತೋರಿಸಿದೆ. ಅವರು ಅದನ್ನು ಬಹಳ ಹೊತ್ತು ನೋಡಿದರು.

"ಅವತ್ತ ಅಂದಿದ್ರ ನಿಮಗ ಎರಡ್ ಬೈದು ನಕ್ಕು ಬಿಡತಿದ್ರು. ಅಷ್ಟ ಇತ್ರಿ ಅದು" ಎಂದರು. ಮೊರ ಬದಿಗಿಟ್ಟು, "ಅವತ್ತ ಬರದ್ ಕೊಟ್ಟಿದ್ರಿ. ಇದನ್ನೂ ಬರದ್ ಕೊಡ್ರಿ."

"ಯಾರಿಗ್ರೀ ಕಾಕಿ? ಸಂಘ ಮುಚ್ಚೇತಿ, ಅಧ್ಯಕ್ಷರೂ ಇಲ್ಲ."

"ನನಗ ಕೊಡ್ರಿ."

ಚೀಲದಿಂದ ಹಾಳೆ ತೆಗೆದು ಮೊಣಕಾಲ ಮೇಲಿಟ್ಟು ಬರೆಯತೊಡಗಿದೆ. ಮೊದಲ ಸಾಲು ಮುಗಿಯುತ್ತಲೇ ಓದಿ ಎಂದರು. ಓದಿದೆ: "ನನಗೆ ನೆನಪಿರುವ ಮಟ್ಟಿಗೆ, ಅಂದು ದೋಣಿಯಲ್ಲಿ…"

"ಅವತ್ತಿನ ಕಾಗದದಾಗೂ ಹಿಂಗ ಬರದಿದ್ರೇನ್ರಿ? ನೆನಪಿರೋ ಮಟ್ಟಿಗೆ ಅಂತ?"

ಇಲ್ಲ. ಅಂದಿನ ಕಾಗದದಲ್ಲಿ ನಾನು "ಖಚಿತವಾಗಿ" ಎಂದು ಬರೆದಿದ್ದೆ. ಹಾಳೆ ಹರಿದು, ಇನ್ನೊಂದು ತೆಗೆದುಕೊಂಡು, ಸ್ಕ್ರೂ ನಾನು ಬಿಗಿದೆ, ನನಗೆ ಗೊತ್ತಿತ್ತು, ನಾನು ಸುಳ್ಳು ಬರೆದೆ ಎಂದು ಮೂರು ಸಾಲಿನಲ್ಲಿ ಮುಗಿಸಿ ಸಹಿ ಹಾಕಿದೆ.

ಕಾಕಿ ಅದನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಜೋಳಕ್ಕೆ ಕೈ ಹಾಕಿದರು. ಸಂಜೆ ಮಗ ಬಂದ ಮೇಲೆ ಓದಿಸಿ ಕೇಳಿರುತ್ತಾರೆ. ಕೇಳಿ ಏನಂದರೋ ನನಗೆ ತಿಳಿಯದು. ಮೋಟಾರು ಯಾಕೆ ನಿಂತಿತೆಂದು ತಿಳಿಯಬೇಕಾಗಿದ್ದವರು ಆ ಮನೆಯಲ್ಲಿ ಕಾಕಾ ಒಬ್ಬರೇ ಇದ್ದರು.