ಸಿಂಪಿ ಅಂಟಿಸುವ ಶೆಡ್ಡು

ಕ್ಯಾಮೆರಾದ ರೀಲು ಮುಗಿದಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಉಗುರಿನ ಸಂದಿಯಲ್ಲಿ ಇನ್ನೂ ಸಿಮೆಂಟಿದೆ.

ದೋಹಾದಲ್ಲಿ ನನ್ನದು ಟೈಲ್ಸ್ ಹಾಕುವ ಕೆಲಸ. ಹೊಸ ಯಂತ್ರ ಕಲಿಯಲೆಂದು ಕಂಪನಿ ನನ್ನನ್ನೂ ಜೊತೆಯ ಕೆಲಸಗಾರ ಲೋಕಣ್ಣನನ್ನೂ ಹತ್ತು ದಿನಕ್ಕೆ ಫ್ರಾನ್ಸಿಗೆ ಕಳುಹಿಸಿದೆ. ಇಂದು ರಜೆ. ಇಲ್ಲಿಯ ಎಂಜಿನಿಯರ್ ನಮ್ಮನ್ನು ಹಿನ್ನೀರಿನ ದಂಡೆಯ ತನ್ನ ಊರಿಗೆ ಕರೆತಂದ. ಮೀನುಗಾರರ ಸಣ್ಣ ಊರು. ಅವನ ತಾಯಿ ಸಿಂಪಿ ಬೆಳೆಸುತ್ತಾರೆ.

ನಮ್ಮ ಕರಾವಳಿಯ ಊರಿನಲ್ಲಿ ನಾವು ಸಿಂಪಿಯನ್ನು ಬಂಡೆಯಿಂದ ಕಿತ್ತು ತಿಂದವರು. ಇಲ್ಲಿ, ಅವರ ಶೆಡ್ಡಿನಲ್ಲಿ, ಮರಿ ಸಿಂಪಿಗಳನ್ನು ಮೂರು ಮೂರಾಗಿ ಸಿಮೆಂಟು ಹಚ್ಚಿ ಹಗ್ಗಕ್ಕೆ ಅಂಟಿಸುತ್ತಾರೆ. ಒಣಗಿದ ಮೇಲೆ ನೀರಿಗೆ ಇಳಿಬಿಡುತ್ತಾರೆ, ಅಲ್ಲೇ ಬೆಳೆಯುತ್ತವೆ.

“ರಜೆಯಲ್ಲಿಯೂ ಸಿಮೆಂಟೇ ಆಯ್ತಲ್ಲ ಮಾರಾಯ,” ಎಂದು ಲೋಕಣ್ಣ ಗೊಣಗಿದರು.

ನನಗೆ ಸುಮ್ಮನೆ ನಿಲ್ಲಲಾಗಲಿಲ್ಲ, ಕೈ ಚಾಚಿದೆ. ಆ ತಾಯಿ ನನ್ನ ಒಡೆದ ಬೆರಳುಗಳನ್ನು ನೋಡಿ ಒಂದು ಹಗ್ಗ ಕೊಟ್ಟರು. ನಾನು ಅಂಟಿಸಿದ್ದು ಒಣಗಿ ಬಿಗಿಯಾದ ಮೇಲೆ ಒಂದೊಂದು ಸಿಂಪಿಯನ್ನೂ ಎಳೆದು ನೋಡಿದರು. ಒಂದೂ ಕಳಚಲಿಲ್ಲ. ಹಗ್ಗದ ತುದಿಗೆ ಗುರುತಿಗೆಂದು ಕೆಂಪು ಬಟ್ಟೆಯ ಚೂರು ಕಟ್ಟಿ, ಮಗನಿಗೆ ಏನೋ ಹೇಳಿದರು.

“ಇದು ನಿಮ್ಮ ಹಗ್ಗವಂತೆ,” ಎಂದು ಎಂಜಿನಿಯರ್ ಇಂಗ್ಲಿಷಿನಲ್ಲಿ ತಿಳಿಸಿದ. “ಬೆಳೆದ ಮೇಲೆ ನೀವೇ ಬಂದು ಎತ್ತಬೇಕಂತೆ.”

ದೋಹಾದ ಅಲ್ ಸದ್ದ್‌ನಲ್ಲಿ ಎಷ್ಟೋ ಮನೆಗಳ ನೆಲ ನಮ್ಮಿಬ್ಬರ ಕೈಯದು. ಕೆಲಸ ಮುಗಿದ ಮರುದಿನ ಖಲಾಸ್, ಕಾವಲುಗಾರ ಗೇಟಿನೊಳಗೆ ಬಿಡುವುದಿಲ್ಲ.

ಲೋಕಣ್ಣ ಅಂಗಿಯ ತೋಳು ಮಡಚಿ ನನ್ನ ಪಕ್ಕದಲ್ಲಿ ಕುಳಿತರು.

“ನನಗೂ ಒಂದು ಹಗ್ಗ ಕೊಡ್ಲಿಕ್ಕೆ ಹೇಳು ಮಾರಾಯ.”