ಖಾಕಿ ಚೀಲ ಮತ್ತು ಪಿಕ್ಚರ್ ಟ್ಯೂಬು

ಸಂತೆಗುಳಿಯಿಂದ ಅಘನಾಶಿನಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನೊಂದು ಹರಿದ ಹವಾಯಿ ಚಪ್ಪಲಿ ಹಿಡಿದು ಮನೆಯನ್ನೆಲ್ಲ ಸುತ್ತಿದ್ದೆ. ಎಸೆಯಲು ಜಾಗವೇ ಸಿಗಲಿಲ್ಲ. ಅತ್ತೆ ಅದನ್ನು ಕೈಯಿಂದ ಕಿತ್ತುಕೊಂಡು, ಕತ್ತರಿಸಿ, ಕೋಳಿಗೂಡಿನ ಬಾಗಿಲಿಗೆ ಬಿಜಾಗರಿಯ ಬದಲು ಮೊಳೆ ಹೊಡೆದು ಕೂರಿಸಿದರು. ಆ ಮನೆಯಲ್ಲಿ ಯಾವ ವಸ್ತುವಿಗೂ ನೆಮ್ಮದಿಯ ಸಾವು ಇರಲಿಲ್ಲ. ಹರಿದ ಬಲೆ ಬಸಳೆ ಚಪ್ಪರಕ್ಕೆ ಹೋಗುತ್ತಿತ್ತು, ಎಣ್ಣೆ ಡಬ್ಬಿ ಬಚ್ಚಲಿಗೆ. ಸೀರೆಗಳು ಮೊದಲು ಹೊದಿಕೆಯಾಗಿ, ಆಮೇಲೆ ಕಾಲೊರಸಾಗಿ, ಕೊನೆಗೆ ನನ್ನ ಗಂಡನ ಸ್ಕೂಟರ್ ಒರೆಸುತ್ತಿದ್ದವು.

ಮಾವ ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತರಾದವರು. ಅವರ ಖಾಕಿ ಅಂಗಿಗಳಿಗೆ ಮಾತ್ರ ನಿವೃತ್ತಿ ಸಿಗಲಿಲ್ಲ. ಅತ್ತೆ ಎರಡು ಅಂಗಿ ಜೋಡಿಸಿ ಒಂದು ದೊಡ್ಡ ಚೀಲ ಹೊಲಿದಿದ್ದರು. ಎದೆಯ ಕಿಸೆ, ಗುಂಡಿ, ಕಾಲರು ಎಲ್ಲ ಇದ್ದ ಹಾಗೇ ಇದ್ದವು, ತೋಳುಗಳೇ ಹಿಡಿಕೆ. ಅದನ್ನು ಹೆಗಲಿಗೆ ಹಾಕಿಕೊಂಡು ಮಾವ ಪೇಟೆಗೆ ಹೊರಟರೆ ಇನ್ನೊಬ್ಬ ಕಂಡಕ್ಟರನ್ನು ಹೊತ್ತುಕೊಂಡು ಹೋಗುತ್ತಿರುವಂತೆ ಕಾಣುತ್ತಿತ್ತು. ಊರಿಗೆಲ್ಲ ಆ ಚೀಲದ ಗುರುತಿತ್ತು.

ಊರಿನ ಉಳಿದವರಿಗೆ ಕಸದ ಬುಟ್ಟಿ ಎಂದರೆ ಹೊಳೆ. ಇಳಿತದ ಹೊತ್ತಿಗೆ ಎಸೆದರೆ ಸಮುದ್ರ ನೋಡಿಕೊಳ್ಳುತ್ತದೆ ಎಂಬ ಧೈರ್ಯ. ಸಮುದ್ರ ಎಲ್ಲವನ್ನೂ ನೋಡಿಕೊಳ್ಳುತ್ತಿರಲಿಲ್ಲ. ಸುಟ್ಟುಹೋದ ಟ್ಯೂಬ್‌ಲೈಟು, ಬಲ್ಬುಗಳ ಚೂರು ಕೆಸರಿನಲ್ಲಿ ಹುದುಗಿ ಕೂರುತ್ತಿದ್ದವು. ನೀರಿಳಿದಾಗ ಅದೇ ಕೆಸರಿನಲ್ಲಿ ಹೆಂಗಸರು ಬರಿಗಾಲಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ಅತ್ತೆಯೂ ಹೆಕ್ಕುತ್ತಿದ್ದರು, ಒಂದು ಚೂರು ಅಂಗಾಲನ್ನು ಸೀಳುವ ತನಕ. ಗಾಯ ಮಾಯಿತು, ಆದರೆ ನಡಿಗೆ ಓರೆಯಾಯಿತು. ಅಂದಿನಿಂದ ಅವರು ಮನೆಮನೆಗೆ ಕುಂಟುತ್ತಾ ಹೋಗಿ ಹೆಂಗಸರ ಸಂಘ ಕಟ್ಟಿದರು. ಗಾಜು, ಸೆಲ್ಲು, ಬಲ್ಬು ಯಾವುದನ್ನೂ ಹೊಳೆಗೆ ಹಾಕಬಾರದು, ದೇವಸ್ಥಾನದ ಹಿಂದಿನ ಹಳೇ ಕೋಣೆಯಲ್ಲಿ ಕೂಡಿಡಬೇಕು, ರಾಶಿಯಾದಾಗ ಹೊನ್ನಾವರದ ಗುಜರಿ ಅಂಗಡಿಯ ಟೆಂಪೋ ಬಂದು ಒಯ್ಯುತ್ತದೆ ಎಂದು ನಿಶ್ಚಯವಾಯಿತು. ತಪ್ಪಿದವರ ಮನೆಯವರೇ ವಾರವಾರ ಊರಿನ ಗಾಜು ಸಂಗ್ರಹಿಸಬೇಕು. ಈ ಶಿಕ್ಷೆ ಅತ್ತೆಯದೇ ಸೂಚನೆ. ಅರ್ಧ ಊರು ಒಪ್ಪಿತ್ತು, ಉಳಿದರ್ಧ ಅತ್ತೆ ಎಲ್ಲಾದರೂ ಜಾರುತ್ತಾರೋ ಎಂದು ಕಾಯುತ್ತಿತ್ತು.

ಅಷ್ಟರಲ್ಲಿ ನನ್ನ ಗಂಡ ಕಲರ್ ಟಿವಿ ತಂದರು. ಹಳೆಯದು ಕಪ್ಪುಬಿಳುಪು, ಮರದ ಪೆಟ್ಟಿಗೆ, ಎಳೆಯುವ ಬಾಗಿಲು. ಅತ್ತೆ ಅದನ್ನೂ ಬಿಡಲಿಲ್ಲ. ಕುಮಟಾದ ರಿಪೇರಿಯವನನ್ನು ಕರೆಸಿ ಒಳಗಿನದನ್ನೆಲ್ಲ ಬಿಚ್ಚಿಸಿದರು. ಬೇಕಾದ್ದನ್ನು ಅವನೊಯ್ದ, ತಾಮ್ರದ ತಂತಿಯನ್ನು ಸೈಕಲ್ಲಿನಲ್ಲಿ ಬರುವ ಗುಜರಿಯವನು ಒಯ್ದ. ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಕಾವಿಗೆ ಕೋಳಿ ಕೂರಿಸಿದ್ದಾಯಿತು. ಸಂಜೆ ಮಾವ ಅಭ್ಯಾಸಬಲದಿಂದ ಅದರೆದುರು ಕೂತರೆ ಕೋಳಿ ಅವರನ್ನು ದುರುಗುಟ್ಟಿ ನೋಡುತ್ತಿತ್ತು.

ಉಳಿದದ್ದು ಪಿಕ್ಚರ್ ಟ್ಯೂಬು. ಗುಜರಿಯವನು ಅದನ್ನು ಮುಟ್ಟಲಿಲ್ಲ. "ಪೆಟ್ಟು ಬಿದ್ರೆ ಢಂ ಅಂತದೆ, ನನಗೆ ಬ್ಯಾಡ," ಎಂದು ಸೈಕಲ್ ಹತ್ತಿದ. ಆ ಢಂ ಎಂಬ ಮಾತು ಮಾವನ ತಲೆಯಲ್ಲಿ ಕೂತುಬಿಟ್ಟಿತು. ಟ್ಯೂಬನ್ನು ಮಂಚದಡಿ ಇಟ್ಟರೆ ಅವರು ಜಗಲಿಯಲ್ಲಿ ಮಲಗಿದರು, ಜಗಲಿಗೆ ತಂದರೆ ಕೊಟ್ಟಿಗೆಯತ್ತ ಹೊರಟರು.

"ಸಂಘದ ಕೋಣೆಗೆ ಹಾಕು ಮಾರಾಯ್ತಿ," ಎಂದರು ಒಂದು ದಿನ.

"ಅಲ್ಲಿ ಕೂತು ಹೆಂಗಸ್ರು ಗಾಜು ಬೇರೆ ಮಾಡ್ತ್ರು. ಒಡೆದ್ರೆ ಎಂತ ಮಾಡೂದು? ಯಾರಾರೂ ತಕಂಡು ಹೋಗೂ ತನಕ ಇಲ್ಲೇ ಇರ್ಲಿ," ಎಂದರು ಅತ್ತೆ.

ಮರುದಿನ ಬೆಳಗಿನ ಜಾವ ನಾನು ಅಂಗಳ ಗುಡಿಸುವಾಗ ಮಾವ ಖಾಕಿ ಚೀಲವನ್ನು ಮಗುವಿನಂತೆ ತಬ್ಬಿಕೊಂಡು ಹೊರಟಿದ್ದರು. ಚೀಲ ಉಬ್ಬಿತ್ತು.

"ಎಲ್ಲಿಗೆ ಮಾವ?"

"ಪೇಟೆಗೆ."

ಪೇಟೆಗೆ ತುಂಬಿದ ಚೀಲ ಒಯ್ದು ಖಾಲಿ ಕೈಯಲ್ಲಿ ಬಂದವರನ್ನು ನಾನು ಅಂದೇ ನೋಡಿದ್ದು. ಬಂದವರೇ ಎರಡು ಲೋಟ ಚಾ ಕುಡಿದು, ಪಿಕ್ಚರ್ ಟ್ಯೂಬು ಇದ್ದ ಮೂಲೆಯ ಪಕ್ಕದಲ್ಲೇ ಕಾಲು ಚಾಚಿ ಮಲಗಿದರು.

ಮಧ್ಯಾಹ್ನದ ಹೊತ್ತಿಗೆ ನೀರೇರಲು ಶುರುವಾಗಿತ್ತು. ಬಳಚಿಗೆ ಹೋಗಿದ್ದ ಇಬ್ಬರು ಹೆಂಗಸರು ಸೊಂಟದವರೆಗೆ ಒದ್ದೆಯಾಗಿ ನಮ್ಮ ಅಂಗಳಕ್ಕೆ ಓಡಿ ಬಂದರು.

"ಅಕ್ಕಾ, ಹೊಳೇಲಿ ಹೆಣ ಬತ್ತಾ ಅದೆ. ಖಾಕಿ ಅಂಗಿ. ಕೈ ಎರಡೂ ಮೇಲೆ ಆಡ್ತಾ ಅದೆ. ತಲೆ ಇಲ್ಲ."

ಅತ್ತೆ ಮೊದಲು ಒಳಗೆ ಇಣುಕಿದರು. ಮಾವ ತಲೆ ಸಮೇತ ಗೊರಕೆ ಹೊಡೆಯುತ್ತಿದ್ದರು. ಆಮೇಲೆ ಚೀಲ ನೇತುಹಾಕುವ ಗೂಟ ನೋಡಿದರು. ಗೂಟ ಖಾಲಿ. ಅವರ ಮುಖ ಕಪ್ಪಿಟ್ಟಿತು. ಹೊಳೆಯತ್ತ ನಡೆದರು, ನಾನು ಹಿಂದೆ ಓಡಿದೆ.

ದಂಡೆಯಲ್ಲಿ ಊರೇ ಸೇರಿತ್ತು. ಹಣೆಗೆ ಕೈ ಹಚ್ಚಿದವರು, ಪೊಲೀಸರಿಗೆ ಹೇಳೋಣವೆಂದವರು, ಭಟ್ಕಳದ ಕಡೆಯ ಬಸ್ಸಿನಲ್ಲಿ ಯಾರೋ ಕಾಣೆಯಾಗಿದ್ದಾರೆಂದು ಆಗಲೇ ಕಥೆ ಕಟ್ಟಿದವರು. ಖಾಕಿ ಗಂಭೀರವಾಗಿ ತೇಲುತ್ತಾ, ತೋಳು ಬೀಸುತ್ತಾ, ಭರತದ ಜೊತೆ ನೇರ ನಮ್ಮ ಕಡೆಗೇ ಬಂತು. ದೋಣಿಯವನು ಜಲ್ಲೆಯಿಂದ ಎಳೆದ. ಗುಂಡಿ ಬಿಚ್ಚಿದಾಗ ಒಳಗಿಂದ ಬೂದುಬಣ್ಣದ ಗಾಜಿನ ಮುಖ ಹೊರಬಂತು. ಎಲ್ಲರ ಮುಖವೂ ಅದರಲ್ಲಿ ಕಂಡಿತು. ಆಮೇಲೆ ಎಲ್ಲರೂ ಅತ್ತೆಯ ಮುಖ ನೋಡಿದರು. ಇವರೊಂದು ಮಾತು ತಪ್ಪಿದರೆ ನಾಳೆಯಿಂದ ಊರಿನ ಗಾಜೆಲ್ಲ ಮತ್ತೆ ಹೊಳೆಗೆ ಎಂದು ನನಗೂ ಗೊತ್ತಿತ್ತು.

"ನಮ್ಮನೇದೇ," ಎಂದರು ಅತ್ತೆ. "ಚೀಲ ಹೊಲಿದದ್ದು ನಾನು. ಹಾಕಿದ್ದು ನಮ್ಮನೆಯವ್ರು. ಬರೂ ವಾರದಿಂದ ಅವ್ರೇ ನಿಮ್ಮನೆಗೆ ಬತ್ರು. ಆತಲ್ಲ?"

ನಗಲು ಕಾದಿದ್ದವರಿಗೂ ನಗು ಬರಲಿಲ್ಲ.

ಅಷ್ಟರಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಬಂದ ಮಾವ ಚೀಲ ಕಂಡು ಅಲ್ಲೇ ನಿಂತರು. "ಭಾರದ ಸಾಮಾನು, ಮುಳುಗ್ತದೆ ಅಂತ ಮಾಡಿದ್ದೆ. ತೇಲಿತು. ತೇಲಿದ್ರೂ ಇಳಿತ ಅಲ್ಲವಾ, ಹೋಗ್ತದೆ ಅಂದ್ಕಂಡೆ," ಎಂದರು ಮೆಲ್ಲಗೆ.

"ಜನ್ಮ ಪೂರ್ತಿ ಕುಮಟಾಕ್ಕೆ ಹೋಗಿ ಬಂದ ಬಸ್ಸಿನವ್ರು ನೀವು. ಹೋದದ್ದು ತಿರುಗಿ ಬತ್ತದೆ ಅಂತ ಗೊತ್ತಾಗ್ಲಿಲ್ವಾ?"

ಅತ್ತೆ ಮನೆಯತ್ತ ಹೊರಟರು. ಒದ್ದೆ ದಾರಿಯಲ್ಲಿ ಅವರ ಬಲಗಾಲು ಓರೆಯಾಗಿ ಬೀಳುತ್ತಿತ್ತು. ಟ್ಯೂಬನ್ನು ತಬ್ಬಿಕೊಂಡು ಹಿಂದೆ ಬರುತ್ತಿದ್ದ ಮಾವ ದಾರಿಯುದ್ದಕ್ಕೂ ಆ ಹೆಜ್ಜೆಗಳನ್ನೇ ನೋಡುತ್ತಿದ್ದರು. ಢಂ ಎನ್ನುವ ಭಯ ಅವರಿಗೆ ಮರೆತೇಹೋದಂತಿತ್ತು.

ಮುಂದಿನ ವಾರದಿಂದ ಮಾವ ಅದೇ ಖಾಕಿ ಚೀಲ ಹೊತ್ತು ಮನೆಮನೆ ತಿರುಗಿದರು. ಬೇಲಿಯಾಚೆಯಿಂದಲೇ, "ಬಲ್ಬು, ಸೆಲ್ಲು, ಟ್ಯೂಬ್‌ಲೈಟ್, ಯಾರದ್ರೀ?" ಎಂದು ಬಸ್ಸಿನ ಗಂಟಲಲ್ಲಿ ಕೂಗುತ್ತಿದ್ದರು, ಕೊಟ್ಟಾದ ಮೇಲೆ "ರೈಟ್" ಎನ್ನುತ್ತಿದ್ದರು. ಅತ್ತೆ ಎಷ್ಟು ಗೋಗರೆದರೂ ಕೊಡದವರು ಇವರಿಗೆ ಕೊಟ್ಟರು. ಕೊಡದವರ ಅಂಗಳದಿಂದ ಇವರು ಕದಲುತ್ತಲೇ ಇರಲಿಲ್ಲ. ಶಿಕ್ಷೆಯ ಅವಧಿ ಮುಗಿಯಿತೆಂದು ಸಂಘದವರೇ ಹೇಳಿದರೂ ಬಿಡಲಿಲ್ಲ.

ಕೋಣೆ ತುಂಬಿದಾಗ ಹೊನ್ನಾವರದ ಟೆಂಪೋ ಬಂತು. ಎಲ್ಲವನ್ನೂ ಹೇರಿದರು, ಮಾವ ಮನೆಯಿಂದ ಹೊತ್ತು ತಂದಿದ್ದ ಪಿಕ್ಚರ್ ಟ್ಯೂಬೊಂದನ್ನು ಬಿಟ್ಟು. ಒಡೆದೀತೆಂದು ಟೆಂಪೋದವನೂ ಅದನ್ನು ಮುಟ್ಟಲಿಲ್ಲ. ಮಾವ ಅದನ್ನು ವಾಪಸ್ ತಂದು, ಕೋಳಿಯನ್ನು ಎಬ್ಬಿಸಿ, ಮರದ ಪೆಟ್ಟಿಗೆಯೊಳಗೆ ಇಟ್ಟು ಬಾಗಿಲೆಳೆದರು. ನಂತರ ಅದರೆದುರು ತಮ್ಮ ಜಾಗದಲ್ಲಿ ಕೂತರು.

ನಾನು ಅತ್ತೆಯನ್ನು ಕೇಳಿದೆ, "ಇದನ್ನ ಎಂತ ಮಾಡೂದು ಅತ್ತೆ?"

ಅತ್ತೆ ಪೆಟ್ಟಿಗೆಯನ್ನು ನೋಡಿದರು, ಅದರೆದುರು ಕೂತವರನ್ನು ನೋಡಿದರು.

"ಇರ್ಲಿ ಬಿಡು. ಬಿಸಾಡೂಕೆ ಬರದ ಸಾಮಾನು ಈ ಮನೇಲಿ ಅದೊಂದೇ ಅಲ್ಲ," ಎಂದು ಮಾವನ ಚಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದರು.